ಅದು ಮೂಳೆಯಲ್ಲ, ಕಲ್ಲು



ಕಳೆದ ವರ್ಷ ನಮ್ಮ ಕನ್ನಡ ಶಾಲೆಯ ರಾಜ್ಯೋತ್ಸವಕ್ಕೆ ನೀವು ಬಂದಿದ್ದರೆ, ಬಾಗಿಲ ಹತ್ತಿರ ಮಕ್ಕಳ ವಸ್ತುಪ್ರದರ್ಶನದ ಮೇಜನ್ನು ನೋಡಿರುತ್ತೀರಿ. ಚನ್ನಪಟ್ಟಣದ ಗೊಂಬೆಗಳಿದ್ದವು, ಬಿದರಿಯ ಹೂದಾನಿ ಇತ್ತು, ಯಾರದೋ ಅಜ್ಜಿಯ ಇಳಕಲ್ ಸೀರೆ ಇತ್ತು. ಮೇಜಿನ ಕೊನೆಯಲ್ಲಿ ಹಸಿರು ಬಟ್ಟೆಯ ಮೇಲೆ ಒಂದು ಕಪ್ಪು ಬೂದು ಬಣ್ಣದ ತುಂಡು ಇತ್ತು. ಅದರ ಮುಂದೆ ಒಂದು ಚೀಟಿ: ‘ಅಲ್ ಖೌದ್‌ನಲ್ಲಿ ಸಿಕ್ಕಿದ ಉದ್ದ ಕುತ್ತಿಗೆಯ ಡೈನೋಸಾರಿನ ಮೂಳೆ. ದಯವಿಟ್ಟು ಮುಟ್ಟಬೇಡಿ.’

ಆ ಚೀಟಿ ಬರೆದವಳು ನಾನು. ನಿಮ್ಮಲ್ಲಿ ತುಂಬಾ ಜನ ಅದರ ಫೋಟೋ ತೆಗೆದುಕೊಂಡಿರಿ. ಕೆಲವರು ಊರಿಗೂ ಕಳಿಸಿದಿರಿ. ಹಾಗಾಗಿ ಈ ತಿಂಗಳ ಲೇಖನದಲ್ಲಿ ಮೊದಲು ಒಂದು ಮಾತು ಹೇಳಲೇಬೇಕು. ಅದು ಮೂಳೆಯಲ್ಲ, ಕಲ್ಲು. ಮಾರ್ಚ್ ತಿಂಗಳಿಂದಲೇ ನನಗೆ ಇದು ಗೊತ್ತು. ನಿಜ ಹೇಳಬೇಕೆಂದರೆ ಅದಕ್ಕೂ ಮುಂಚೆಯೇ ಸ್ವಲ್ಪ ಅನುಮಾನವಿತ್ತು. ಯಾಕೆ ಸುಮ್ಮನಿದ್ದೆ ಅನ್ನುವುದನ್ನೂ, ನಿಜವಾದ ಮೂಳೆ ಹೇಗಿರುತ್ತದೆ ಅನ್ನುವುದನ್ನೂ ಈಗ ಹೇಳುತ್ತೇನೆ.

ನನಗಾಗ ಹನ್ನೆರಡು ವರ್ಷ. ಒಂದು ಶುಕ್ರವಾರ ನಾಲ್ಕು ಮನೆಯವರು ಸೇರಿ ಅಲ್ ಖೌದ್ ವಾದಿಗೆ ಹೋಗಿದ್ದೆವು. ಅಮ್ಮಂದಿರು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಬಿಚ್ಚಿ ಬಡಿಸುತ್ತಿದ್ದರು. ನಾನು ನೀರಿನಂಚಿನಲ್ಲಿ ನಡೆಯುವಾಗ ಈ ತುಂಡು ಕಾಲಿಗೆ ತಾಗಿತು. ಒಂದು ತುದಿ ಚೆಂಡಿನ ಹಾಗೆ ಗುಂಡಗೆ, ಇನ್ನೊಂದು ತುದಿ ಮುರಿದ ಹಾಗೆ. ಮೈ ಮೇಲೆಲ್ಲ ಬಿಳಿ ಗೆರೆಗಳು. ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಅಲ್ ಖೌದ್‌ನಲ್ಲಿ ಡೈನೋಸಾರ್ ಮೂಳೆ ಸಿಕ್ಕಿದೆ ಅಂತ ಆ ವಾರವಷ್ಟೇ ಎಲ್ಲೋ ಓದಿದ್ದೆ. ಇಷ್ಟು ಭಾರ ಇದೆ ಅಂದಮೇಲೆ ಭಾರೀ ಪ್ರಾಣಿಯದೇ ಇರಬೇಕು, ಅದರಲ್ಲೂ ಭಾರೀ ಪ್ರಾಣಿ ಅಂದರೆ ಉದ್ದ ಕುತ್ತಿಗೆಯ ಸಾರೋಪಾಡ್. ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು! ಬಿಳಿ ಗೆರೆಗಳು ನರಗಳು ಅಂತ ನಾನೇ ತೀರ್ಮಾನ ಮಾಡಿಕೊಂಡೆ.

ಹದಿನಾಲ್ಕನೇ ವರ್ಷದಲ್ಲಿ ಒಂದು ಪುಸ್ತಕದಲ್ಲಿ ಓದಿದೆ: ಪಳೆಯುಳಿಕೆ ಮೂಳೆಗೆ ನಾಲಿಗೆ ತಾಗಿಸಿದರೆ ಅದು ತುಸು ಅಂಟಿಕೊಳ್ಳುತ್ತದೆ, ಯಾಕೆಂದರೆ ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಕೋಣೆಯ ಬಾಗಿಲು ಹಾಕಿಕೊಂಡು ನಾಲಿಗೆ ತಾಗಿಸಿದೆ. ಅಂಟಲಿಲ್ಲ. ಇನ್ನೊಮ್ಮೆ ನೋಡಿದೆ. ಆಗಲೂ ಅಂಟಲಿಲ್ಲ. ಮಸ್ಕತ್ತಿನ ಸೆಕೆಗೆ ನನ್ನ ನಾಲಿಗೆಯೇ ಒಣಗಿರಬೇಕು ಅಂದುಕೊಂಡು ತುಂಡನ್ನು ಡಬ್ಬಿಯೊಳಗೆ ಇಟ್ಟುಬಿಟ್ಟೆ. ನನ್ನ ಅನುಮಾನ ಶುರುವಾದದ್ದು ಆ ದಿನ. ಅದಾದ ಮೇಲೂ ರಾಜ್ಯೋತ್ಸವದ ಮೇಜಿನ ಮೇಲೆ ಇಟ್ಟೆ.

ಈ ಮಾರ್ಚ್‌ನಲ್ಲಿ, ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲೆ, ನಮ್ಮ ಶಾಲೆಯ ಪಾಲಕರೊಬ್ಬರ ಬಳಿ ಅದನ್ನು ಒಯ್ದೆ. ಅವರು ತೈಲದ ಕೆಲಸದಲ್ಲಿರುವ ಭೂವಿಜ್ಞಾನಿ. ಅಂಕಲ್ ತಮ್ಮ ಕನ್ನಡಕ ತೆಗೆದು, ಸಣ್ಣ ಮಸೂರವನ್ನು ಕಣ್ಣಿನ ಹತ್ತಿರ ಹಿಡಿದು, ಮುರಿದ ತುದಿಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದ್ದು, “ಇದನ್ನ ಎಲ್ಲಿಂದ ತಗೊಂಡೆಮ್ಮ?”

“ಅಲ್ ಖೌದ್ ವಾದಿಯಲ್ಲಿ ಅಂಕಲ್.”

“ವಾದಿ ಎಷ್ಟು ಉದ್ದ ಇದೆ! ಅದರಲ್ಲಿ ಎಲ್ಲಿ? ಬಂಡೆಗೆ ಅಂಟಿಕೊಂಡಿತ್ತಾ, ನೀರಿನ ದಾರೀಲಿ ಬಿದ್ದಿತ್ತಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಯಾವ ಬದಿ, ಯಾವ ತಿರುವು, ಯಾವುದೂ ನೆನಪಿರಲಿಲ್ಲ. ಒಂದು ಫೋಟೋ ಕೂಡ ತೆಗೆದಿರಲಿಲ್ಲ.

“ಇದು ಮೂಳೆಯಾಗಿದ್ದರೂ ಅರ್ಧ ಬೆಲೆ ಕಳೆದುಕೊಂಡ ಹಾಗೇನೆ,” ಅಂದರು. “ಎಲ್ಲಿತ್ತು ಅನ್ನೋದು ಗೊತ್ತಿದ್ದರೆ ತಾನೇ ಎಷ್ಟು ಹಳೇದು, ಹೇಗೆ ಬಂತು ಅಂತ ಹೇಳೋಕಾಗೋದು? ಆದರೆ ನೀನು ಬೇಜಾರು ಮಾಡ್ಕೋಬೇಡ, ಇದು ಮೂಳೆ ಅಲ್ಲ. ಸಮುದ್ರದ ತಳದ ಕಲ್ಲು. ಸರ್ಪೆಂಟೈನ್ ಅಂತಾರೆ. ಈ ಬಿಳಿ ಗೆರೆ ಬಿರುಕಿನಲ್ಲಿ ಕೂತ ಖನಿಜ.”

“ಇಷ್ಟು ಭಾರ ಇದೆಯಲ್ಲ ಅಂಕಲ್?”

ಅವರು ನಕ್ಕರು. “ಪಳೆಯುಳಿಕೆ ಮೂಳೆಯೂ ಭಾರವಾಗೇ ಇರುತ್ತೆ, ಕಲ್ಲೂ ಭಾರವಾಗೇ ಇರುತ್ತೆ. ತೂಕ ನೋಡಿ ಏನೂ ಗೊತ್ತಾಗಲ್ಲ. ಒಳಗೆ ನೋಡಬೇಕು. ಮೂಳೆ ಆಗಿದ್ದರೆ ಮುರಿದ ಕಡೆ ಬನ್ನಿನ ಹಾಗೆ ಸಣ್ಣ ತೂತುಗಳು ಕಾಣ್ತಿದ್ದವು. ಅದೂ ಸಾರೋಪಾಡಿನ ಕುತ್ತಿಗೆ ಮೂಳೆ ಅಂದರೆ ಒಳಗೆ ಬರೀ ಪೊಳ್ಳು ಇರಬೇಕು.”

ಪೊಳ್ಳು? ನಾಲ್ಕು ವರ್ಷ ಭಾರವನ್ನೇ ಪುರಾವೆ ಅಂದುಕೊಂಡಿದ್ದವಳಿಗೆ ಆ ಒಂದು ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಆದರೂ ನಿಮಗೆ ಹೇಳಲಿಲ್ಲ. ಮರುವಾರ ಹೇಳೋಣ, ಪರೀಕ್ಷೆ ಫಲಿತಾಂಶ ಬಂದ ಮೇಲೆ ಹೇಳೋಣ, ರಜೆ ಮುಗಿಸಿ ಬಂದು ಹೇಳೋಣ ಅಂತ ಮುಂದೂಡುತ್ತಾ ಬಂದೆ. ನನಗೆ ಹೆದರಿಕೆ ಇದ್ದದ್ದು ದೊಡ್ಡವರದಲ್ಲ. ಮೊದಲ ಹಂತದ ತರಗತಿಯಲ್ಲಿ ಒಬ್ಬ ಏಳು ವರ್ಷದ ಹುಡುಗನಿದ್ದಾನೆ. ಪ್ರತಿ ಶುಕ್ರವಾರ ನನ್ನ ಕಂಡ ಕೂಡಲೇ ಓಡಿ ಬಂದು, “ಅಕ್ಕಾ, ಇನ್ನೊಂದು ಮೂಳೆ ಸಿಕ್ತಾ?” ಅಂತ ಕೇಳುತ್ತಾನೆ. ಆ ತುಂಡಿನ ಚಿತ್ರ ಬರೆದು ತನ್ನ ಶಾಲೆಯಲ್ಲಿ ಎಲ್ಲರಿಗೂ ತೋರಿಸಿದ್ದಾನೆ. ಈ ಲೇಖನ ಓದಿ ಅವನಿಗೆ ಬೇರೆಯವರಿಂದ ಗೊತ್ತಾಗುವುದು ಬೇಡ ಅಂತ ಕಳೆದ ಶುಕ್ರವಾರ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಅಳುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದ್ರೆ ನಿಜವಾದ್ದು ಎಲ್ಲಿದೆ ಅಕ್ಕಾ?” ಅಂದ.

ಅವನ ಪ್ರಶ್ನೆಗೆ ಉತ್ತರವನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಿಜವಾದ್ದು ನಮ್ಮ ಹತ್ತಿರವೇ ಸಿಕ್ಕಿದೆ. ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯ ಇರುವ ಅಲ್ ಖೌದ್‌ನಲ್ಲೇ. ಅಲ್ಲಿಯ ಗುಡ್ಡಗಳ ಒಂದು ಪದರಕ್ಕೆ ಅಲ್ ಖೌದ್ ಕಾಂಗ್ಲಾಮರೇಟ್ ಅಂತ ಹೆಸರು. ಹೆಸರು ದೊಡ್ಡದಾದರೂ ಅರ್ಥ ಸುಲಭ. ಶೇಂಗಾ ಚಿಕ್ಕಿ ನೆನಪಿಸಿಕೊಳ್ಳಿ. ಬೆಲ್ಲದ ಪಾಕದಲ್ಲಿ ಶೇಂಗಾ ಬೀಜ ಗಟ್ಟಿಯಾಗಿ ಕೂತಿರುವ ಹಾಗೆ, ಇಲ್ಲಿ ಮರಳು ಮಣ್ಣಿನಲ್ಲಿ ನದಿಯ ಉಂಡೆಗಲ್ಲುಗಳು ಕೂತು ಗಟ್ಟಿಯಾಗಿವೆ.

ಆ ಉಂಡೆಗಲ್ಲುಗಳು ಎಲ್ಲಿಂದ ಬಂದವು? ಮಸ್ಕತ್ತಿನ ಸುತ್ತ ನೀವು ದಿನಾ ನೋಡುವ ಕಂದು ಕಪ್ಪು ಬೆಟ್ಟಗಳು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವು. ಸುಮಾರು ಒಂಬತ್ತೂವರೆ ಕೋಟಿ ವರ್ಷಗಳ ಹಿಂದೆ ಹುಟ್ಟಿದ ಆ ತಳ, ಭೂಮಿಯ ಫಲಕಗಳ ನೂಕಾಟದಲ್ಲಿ ಅರೇಬಿಯಾದ ನೆಲದ ಮೇಲೆ ಹತ್ತಿ ಕೂತಿತು. ಇದನ್ನು ಸಮೈಲ್ ಓಫಿಯೋಲೈಟ್ ಅನ್ನುತ್ತಾರೆ. ಪ್ರಪಂಚದ ಬೇರೆ ಬೇರೆ ಕಡೆಯ ಭೂವಿಜ್ಞಾನಿಗಳು ಒಮಾನಿಗೆ ಬರುವುದು ಇದನ್ನು ನೋಡಲೆಂದೇ. ಡೈನೋಸಾರ್ ಕಾಲದ ಕೊನೆಯ ಭಾಗದಲ್ಲಿ, ಸುಮಾರು 7 ಕೋಟಿ ವರ್ಷಗಳ ಹಿಂದೆ, ಆ ಬೆಟ್ಟಗಳಿಂದ ನದಿಗಳು ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತಿದ್ದವು. ದಾರಿಯಲ್ಲಿ ಸತ್ತುಬಿದ್ದ ಡೈನೋಸಾರುಗಳ ಮೂಳೆಗಳೂ ಆ ಕಲ್ಲುಗಳ ಜೊತೆ ಉರುಳಿದವು. ಉರುಳುವಾಗ ಮುರಿದವು, ಸವೆದವು. ಹಾಗಾಗಿ ಇಲ್ಲಿ ಪೂರ್ತಿ ಅಸ್ಥಿಪಂಜರ ಸಿಕ್ಕಿಲ್ಲ, ಸಿಕ್ಕಿರುವುದು ತುಂಡುಗಳು.

2000ನೇ ಇಸವಿಯಲ್ಲಿ ಅಲ್ಲಿಯ ಒಂದು ಮಾಂಸಾಹಾರಿ ಡೈನೋಸಾರಿನ ಬಾಲದ ಮೂಳೆಯ ಬಗ್ಗೆ ವಿಜ್ಞಾನಿಗಳು ಬರೆದರು. 2008ರಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ವಿಜ್ಞಾನ ಪತ್ರಿಕೆಯಲ್ಲೇ ಇನ್ನೊಂದು ಲೇಖನ ಬಂತು. ಅದರಲ್ಲಿ ಎರಡು ಬಗೆಯ ಸಸ್ಯಾಹಾರಿಗಳ ಮೂಳೆಗಳ ವಿವರ ಇದೆ. ಒಂದು ಬಗೆ ನಮ್ಮ ಸಾರೋಪಾಡ್. ಅದೇ ವರ್ಷ ಪಕ್ಕದ ಯೆಮನ್‌ನಿಂದಲೂ ಸುದ್ದಿ ಬಂತು. ಸನಾ ನಗರದ ಉತ್ತರಕ್ಕಿರುವ ಮದರ್ ಎಂಬ ಹಳ್ಳಿಯ ಬಂಡೆಯ ಮೇಲೆ 11 ಸಾರೋಪಾಡುಗಳು ಒಂದೇ ದಿಕ್ಕಿಗೆ ನಡೆದುಹೋದ ಹೆಜ್ಜೆಗುರುತುಗಳಿವೆ. ದೊಡ್ಡವೂ ಚಿಕ್ಕವೂ ಜೊತೆಯಲ್ಲೇ ಹೋಗಿವೆ. ನಾವು ನಾಲ್ಕು ಮನೆಯವರು ವಾದಿಗೆ ಹೋದ ಹಾಗೆ!

ಇನ್ನು ಕುತ್ತಿಗೆಯ ವಿಷಯಕ್ಕೆ ಬರುತ್ತೇನೆ. ವಿಜಯಪುರದ ಹತ್ತಿರದ ನಮ್ಮ ಊರಲ್ಲಿ ಅಜ್ಜನ ಹಿತ್ತಲಿನಲ್ಲಿ ಮಾವಿನ ಮರ ಇದೆ. ಕಾಯಿ ಕೀಳಲು ಅಜ್ಜ ಉದ್ದನೆಯ ಬಿದಿರು ಗಳಕ್ಕೆ ತುದಿಯಲ್ಲಿ ಕೊಕ್ಕೆ ಕಟ್ಟಿಕೊಂಡಿದ್ದಾರೆ. ಮಲೆನಾಡು, ಕರಾವಳಿಯ ಕಡೆಯವರು ಇದನ್ನು ದೋಟಿ ಅನ್ನುತ್ತೀರಿ. ದೋಟಿ ಇದ್ದರೆ ನಿಂತಲ್ಲೇ ನಿಂತು ಇಡೀ ಮರದ ಕಾಯಿ ಕೀಳಬಹುದು, ಮರ ಹತ್ತಬೇಕಿಲ್ಲ. ಸಾರೋಪಾಡಿಗೆ ಕುತ್ತಿಗೆ ಅಂದರೆ ದೋಟಿ. ಹತ್ತಿಪ್ಪತ್ತು ಟನ್ ಮೈಯನ್ನು ಹೆಜ್ಜೆ ಹೆಜ್ಜೆಗೂ ಎತ್ತಿ ಇಡುವುದು ಸುಲಭವಲ್ಲ. ಒಂದೇ ಕಡೆ ನಿಂತು ಸುತ್ತಲಿನ ಎಲೆಗಳನ್ನೆಲ್ಲ ತಿನ್ನಬಹುದಾದರೆ ಎಷ್ಟು ಶಕ್ತಿ ಉಳಿಯುತ್ತದೆ!

ಈಗ ಒಂದು ಪ್ರಶ್ನೆ. ದೋಟಿಯನ್ನು ಬಿದಿರಿನ ಬದಲು ಕಬ್ಬಿಣದ ಸಲಾಕೆಯಿಂದ ಮಾಡಿದರೆ? ಅಜ್ಜ ಇರಲಿ, ಪೈಲ್ವಾನನೂ ಅದರ ತುದಿ ಎತ್ತಲಾರ. ತುದಿಗೆ ಸಣ್ಣ ಕೊಕ್ಕೆಯ ಬದಲು ಬಕೆಟ್ ಕಟ್ಟಿದರೂ ಅಷ್ಟೆ. ಉದ್ದ ಹೆಚ್ಚಾದಷ್ಟೂ ಗಳ ಹಗುರ ಇರಬೇಕು, ತುದಿ ಚಿಕ್ಕದಿರಬೇಕು. ಸಾರೋಪಾಡುಗಳು ಮಾಡಿಕೊಂಡದ್ದು ಸರಿಯಾಗಿ ಇದನ್ನೇ.

ಮೊದಲು ತುದಿ, ಅಂದರೆ ತಲೆ. ಆನೆ, ಎಮ್ಮೆ, ಕುದುರೆ ಎಲ್ಲ ಆಹಾರವನ್ನು ಅಗಿಯುತ್ತವೆ. ಅಗಿಯಲು ದೊಡ್ಡ ದವಡೆ, ದವಡೆ ಹಲ್ಲು, ದಪ್ಪ ಸ್ನಾಯು ಬೇಕು. ಆದ್ದರಿಂದ ತಲೆ ಭಾರ. ಸಾರೋಪಾಡುಗಳು ಅಗಿಯಲೇ ಇಲ್ಲ. ಎಲೆಗಳನ್ನು ಕಿತ್ತು ಹಾಗೇ ನುಂಗುತ್ತಿದ್ದವು. ಉಳಿದ ಕೆಲಸ ದೊಡ್ಡ ಹೊಟ್ಟೆಯದು, ಅಲ್ಲಿ ನಿಧಾನವಾಗಿ ಕೊಳೆತು ಜೀರ್ಣವಾಗುತ್ತಿತ್ತು. ಹಲ್ಲುಗಳು ಬರೀ ಕೀಳಲು. ಅವು ಬೇಗ ಸವೆಯುತ್ತಿದ್ದವು, ಬೇಗ ಹೊಸದು ಬರುತ್ತಿದ್ದವು. ಡಿಪ್ಲೊಡೋಕಸ್ ಎಂಬ ಸಾರೋಪಾಡಿಗೆ ಸುಮಾರು 35 ದಿನಕ್ಕೊಮ್ಮೆ ಒಂದೊಂದು ಜಾಗದಲ್ಲೂ ಹೊಸ ಹಲ್ಲು ಬರುತ್ತಿತ್ತಂತೆ. ಮೂವತ್ತೆರಡು ಸಲ ಅಗಿದು ತಿನ್ನಬೇಕು ಅಂತ ನಮಗೆ ಹೇಳುವ ಅಮ್ಮಂದಿರು ಈ ಸಾಲನ್ನು ಓದದೇ ಮುಂದೆ ಹೋಗಿ.

ಎರಡನೆಯದು ಗಳ, ಅಂದರೆ ಕುತ್ತಿಗೆ ಮೂಳೆಗಳು. ಮನುಷ್ಯರ ಕುತ್ತಿಗೆಯಲ್ಲಿ 7 ಮೂಳೆಗಳು. ಜಿರಾಫೆಯ ಕುತ್ತಿಗೆಯಲ್ಲೂ 7 ಮಾತ್ರ, ಒಂದೊಂದೂ ಉದ್ದ ಅಷ್ಟೆ. ಒಂದೆರಡು ಪ್ರಾಣಿಗಳನ್ನು ಬಿಟ್ಟರೆ ಸಸ್ತನಿಗಳಿಗೆಲ್ಲ ಏಳೇ. ಸಾರೋಪಾಡುಗಳು ಮೂಳೆಯ ಸಂಖ್ಯೆಯನ್ನೂ ಹೆಚ್ಚಿಸಿಕೊಂಡವು, ಉದ್ದವನ್ನೂ ಹೆಚ್ಚಿಸಿಕೊಂಡವು. ಚೀನಾದ ಮಾಮೆಂಚಿಸಾರಸ್ ಗುಂಪಿನಲ್ಲಿ 19 ಕುತ್ತಿಗೆ ಮೂಳೆಗಳಿದ್ದವೂ ಇವೆ. ಆ ಗುಂಪಿನ ಒಂದರ ಕುತ್ತಿಗೆ ಸುಮಾರು 15 ಮೀಟರ್ ಇತ್ತು ಅಂತ 2023ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಜಿರಾಫೆಯ ಕುತ್ತಿಗೆಯ ಆರು ಪಟ್ಟು! ನಮ್ಮ ಶಾಲೆ ಬಸ್ಸಿಗಿಂತ ಉದ್ದ. ವಿಶೇಷ ಏನೆಂದರೆ ಅದರ ಇಡೀ ಕುತ್ತಿಗೆ ಸಿಕ್ಕಿಲ್ಲ. ಸಿಕ್ಕಿದ್ದು ಕೆಲವೇ ಮೂಳೆಗಳು. ಪೂರ್ತಿ ಕುತ್ತಿಗೆ ಸಿಕ್ಕಿದ ಅದರ ಒಂದು ಸಂಬಂಧಿಯ ಜೊತೆ ಹೋಲಿಸಿ ಲೆಕ್ಕ ಮಾಡಿದ್ದಾರೆ. ಅವರು ಆ ಮೂಳೆಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಒಳಗಿನ ಸುಮಾರು ಮುಕ್ಕಾಲು ಭಾಗ ಗಾಳಿಯಿದ್ದ ಜಾಗ ಅಂತ ಗೊತ್ತಾಯಿತು.

ಬಿದಿರು ನೋಡಿ. ಒಳಗೆ ಪೊಳ್ಳು, ಹೊರಗೆ ಗಟ್ಟಿ. ಹಗುರ, ಆದರೂ ಏಣಿ ಮಾಡಿ ಹತ್ತಬಹುದು. ಸಾರೋಪಾಡಿನ ಕುತ್ತಿಗೆ ಮೂಳೆಯೂ ಹಾಗೆ. ನಮ್ಮ ಅಲ್ ಖೌದ್ ಕಾಲದಲ್ಲಿ ಬದುಕಿದ್ದ ಟೈಟನೋಸಾರ್ ಎಂಬ ಸಾರೋಪಾಡುಗಳಲ್ಲಿ ಈ ಪೊಳ್ಳುಗಳು ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆಗಳಾಗಿದ್ದವು.

ಮೂಳೆಯೊಳಗೆ ಗಾಳಿ ಹೋಗುವುದಾದರೂ ಹೇಗೆ? ಇದಕ್ಕೆ ಹಕ್ಕಿಗಳನ್ನು ನೋಡಬೇಕು. ಹಕ್ಕಿಗಳಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳು ಇರುತ್ತವೆ. ಅವುಗಳ ಕವಲುಗಳು ಮೂಳೆಗಳ ಒಳಗೂ ಹೊಕ್ಕಿರುತ್ತವೆ. ಸಾರೋಪಾಡಿನ ಮೂಳೆಗಳಲ್ಲಿ ಇರುವ ರಂಧ್ರ, ಗುಳಿಗಳು ಹಕ್ಕಿಯ ಮೂಳೆಯಲ್ಲಿರುವಂತೆಯೇ ಇವೆ. ಹಾಗಾಗಿ ಅವಕ್ಕೂ ಗಾಳಿಚೀಲಗಳಿದ್ದವು ಎಂದು ತಿಳಿಯುತ್ತೇವೆ. ಇದರಿಂದ ಇನ್ನೊಂದು ಲಾಭವೂ ಇತ್ತು. ಉದ್ದನೆಯ ಪೈಪಿನಿಂದ ಉಸಿರಾಡಿ ನೋಡಿದರೆ (ಮನೆಯಲ್ಲಿ ಮಾಡಬೇಡಿ) ಬಿಟ್ಟ ಗಾಳಿಯೇ ಪೈಪಿನಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಹೊಸ ಗಾಳಿ ಸಿಗುವುದು ಕಡಿಮೆ. ಹತ್ತು ಮೀಟರ್ ಕುತ್ತಿಗೆಯಲ್ಲಿ ಇದು ದೊಡ್ಡ ತೊಂದರೆ. ಗಾಳಿಚೀಲಗಳಿದ್ದರೆ ಒಂದೇ ಉಸಿರಿಗೆ ತುಂಬಾ ಗಾಳಿ ಎಳೆದುಕೊಳ್ಳಬಹುದು. ಜೊತೆಗೆ ಹಕ್ಕಿಗಳಲ್ಲಿ ಉಸಿರು ಬಿಡುವಾಗಲೂ ಶ್ವಾಸಕೋಶದ ಮೂಲಕ ತಾಜಾ ಗಾಳಿ ಹರಿಯುತ್ತದೆ. ಇಷ್ಟೆಲ್ಲ ಇದ್ದದ್ದರಿಂದಲೇ ಆ ಕುತ್ತಿಗೆ ಅಷ್ಟು ಉದ್ದ ಆಗಲು ಸಾಧ್ಯವಾಯಿತು.

ಇದೆಲ್ಲ ಒಮ್ಮೆಲೇ ಬಂದದ್ದೇ? ಇಲ್ಲ. ಅದನ್ನು ಕಣ್ಣಾರೆ ನೋಡಲು ಈ ಬೇಸಿಗೆ ರಜೆಯಲ್ಲಿ ಅವಕಾಶ ಸಿಕ್ಕಿತು. ಹೈದರಾಬಾದಿನಲ್ಲಿರುವ ಮಾಮಾನ ಮನೆಗೆ ಹೋದಾಗ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿರುವ ಕೋಟಾಸಾರಸ್ ಅನ್ನು ನೋಡಿ ಬಂದೆ. ಅಜ್ಜನೂ ಜೊತೆಗಿದ್ದರು. ಗೋದಾವರಿ ಕಣಿವೆಯ ಯಾಮನಪಲ್ಲಿ ಎಂಬ ಹಳ್ಳಿಯ ಹತ್ತಿರ ಸಿಕ್ಕಿದ ಮೂಳೆಗಳಿಂದ ಅದನ್ನು ನಿಲ್ಲಿಸಿದ್ದಾರೆ. ಪಿ. ಯಾದಗಿರಿ ಎಂಬ ವಿಜ್ಞಾನಿ 1988ರಲ್ಲಿ ಅದಕ್ಕೆ ಹೆಸರಿಟ್ಟರು. ಒಂದೇ ಪ್ರಾಣಿಯ ಮೂಳೆಗಳಲ್ಲ, ಅಲ್ಲಿ ಸಿಕ್ಕಿದ್ದು 12 ಪ್ರಾಣಿಗಳ ಅವಶೇಷ.

ಅಜ್ಜ ಕುತ್ತಿಗೆ ಎತ್ತಿ ತುಂಬಾ ಹೊತ್ತು ನೋಡಿದರು. “ಇಷ್ಟ ದೊಡ್ಡ ಮೈಗೆ ಇಷ್ಟ ಸಣ್ಣ ತಲಿ ಯಾಕವಾ?” ಅಂದರು. ನಾನು ಅಗಿಯುವ, ನುಂಗುವ ಕಥೆ ಹೇಳಿದೆ. ಅಜ್ಜ ಕಟ್ಟಿಸಿಕೊಂಡ ಹಲ್ಲು ತೋರಿಸಿ ನಕ್ಕು, “ನಂದೂ ಅದ ಕಥಿ ನೋಡು. ಹಲ್ಲು ಹ್ವಾದ ಮ್ಯಾಲ ನಾನೂ ನುಂಗೂದ,” ಅಂದರು.

ಕೋಟಾಸಾರಸ್ ಬದುಕಿದ್ದು ಸುಮಾರು 18 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಹಿಂದೆ, ಸುಮಾರು 23 ಕೋಟಿ ವರ್ಷಗಳ ಹಿಂದೆ, ಈ ವಂಶದ ಪೂರ್ವಜರು ಎರಡು ಕಾಲಿನ ಮೇಲೆ ಓಡಾಡುವ ಸಣ್ಣ ಪ್ರಾಣಿಗಳು. ಬರಬರುತ್ತಾ ಮೈ ದೊಡ್ಡದಾಯಿತು, ಮುಂಗಾಲುಗಳು ನೆಲಕ್ಕೆ ಬಂದವು, ನಾಲ್ಕು ಕಾಲುಗಳೂ ಕಂಬದ ಹಾಗೆ ನೇರವಾದವು. ಗೋದಾವರಿ ಕಣಿವೆಯ ಪ್ರಾಣಿಗಳು ಈ ದಾರಿಯ ನಡುವಿನ ನಿಲ್ದಾಣ. ಕಾಲು ಆಗಲೇ ಸಾರೋಪಾಡಿನ ಕಾಲು. ಆದರೆ ಬೆನ್ನು, ಕುತ್ತಿಗೆಯ ಮೂಳೆಗಳಲ್ಲಿ ಮುಂದೆ ಬಂದವುಗಳಷ್ಟು ಪೊಳ್ಳು ಇನ್ನೂ ಬೆಳೆದಿರಲಿಲ್ಲ.

ಅದೇ ಕಣಿವೆಯ ಇನ್ನೊಂದು ಸಾರೋಪಾಡ್ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. 1961ರಲ್ಲಿ ಒಂದೇ ಜಾಗದಲ್ಲಿ ಸುಮಾರು 300 ಮೂಳೆಗಳು ಸಿಕ್ಕಿದವು, ಕನಿಷ್ಠ 6 ಪ್ರಾಣಿಗಳದು. ಆ ವರ್ಷ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ. ಹಾಗಾಗಿ 1975ರಲ್ಲಿ ಹೆಸರಿಡುವಾಗ ಬರಾಪಾಸಾರಸ್ ಟಾಗೋರೈ ಅಂತ ಇಟ್ಟರು. ಬಂಗಾಳಿಯಲ್ಲಿ ‘ಬಡೊ ಪಾ’ ಅಂದರೆ ದೊಡ್ಡ ಕಾಲು. ಅದರ ಹಲ್ಲುಗಳು ಸಿಕ್ಕಿವೆ, ತಲೆಬುರುಡೆ ಸಿಕ್ಕಿಲ್ಲ. ಇಷ್ಟು ಮೂಳೆ ಸಿಕ್ಕಿದರೂ ಸಿಗದೇ ಉಳಿದದ್ದು ತಲೆ. ಸಾರೋಪಾಡುಗಳಲ್ಲಿ ಇದು ಸಾಮಾನ್ಯ. ಹಗುರವಾದ ಸಣ್ಣ ತಲೆ ಬೇಗ ಕಳಚಿ ಹಾಳಾಗುತ್ತದೆ.

ನನ್ನ ಕಲ್ಲಿನ ಕಥೆಗೆ ಸಮಾಧಾನ ಕೊಡುವ ಒಂದು ನಿಜವಾದ ಕಥೆಯೂ ಓದಲು ಸಿಕ್ಕಿತು. 1828ರಲ್ಲಿ ಜಬಲ್ಪುರದಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ದೊಡ್ಡ ಮೂಳೆಗಳು ಸಿಕ್ಕಿದವು. ಮುಂದೆ ಠಕ್ಕರನ್ನು ಹಿಡಿದು ಹೆಸರಾದ ಸ್ಲೀಮನ್ ಇವನೇ. ಆಗ ಡೈನೋಸಾರ್ ಎಂಬ ಪದವೇ ಹುಟ್ಟಿರಲಿಲ್ಲ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಜಬಲ್ಪುರದ ಬಾಲದ ಮೂಳೆಗಳನ್ನು ನೋಡಿ ಟೈಟನೋಸಾರಸ್ ಇಂಡಿಕಸ್ ಅಂತ ಹೆಸರಿಟ್ಟ. ಆ ಮೂಳೆಗಳ ಒಂದು ಬದಿ ಬಟ್ಟಲಿನ ಹಾಗೆ, ಇನ್ನೊಂದು ಬದಿ ಚೆಂಡಿನ ಹಾಗೆ. ಇದೇ ಆ ಪ್ರಾಣಿಯ ಗುರುತು ಅಂದುಕೊಂಡ. ಆಮೇಲೆ ಅರ್ಜೆಂಟೀನಾ, ಆಫ್ರಿಕಾ ಎಲ್ಲ ಕಡೆ ಇಂಥ ಬಾಲದ ಮೂಳೆಗಳ ಬೇರೆ ಬೇರೆ ಪ್ರಾಣಿಗಳು ಸಿಗುತ್ತಾ ಹೋದವು. ಕೊನೆಗೆ 2003ರಲ್ಲಿ ವಿಲ್ಸನ್ ಮತ್ತು ಅಪ್‌ಚರ್ಚ್ ಎಂಬ ಇಬ್ಬರು ಪರೀಕ್ಷಿಸಿ, ಈ ಗುರುತಿನಿಂದ ಒಂದೇ ಪ್ರಾಣಿಯನ್ನು ಹೇಳಲಾಗದು, ಹೆಸರು ನಿಲ್ಲುವುದಿಲ್ಲ ಎಂದರು. ಮಹಾರಾಷ್ಟ್ರದ ಡೊಂಗರಗಾಂವ್‌ನಲ್ಲಿ ಸಿಕ್ಕಿದ್ದ, ಹೆಚ್ಚು ಮೂಳೆಗಳಿರುವ ಇನ್ನೊಂದಕ್ಕೆ ಐಸಿಸಾರಸ್ ಅಂತ ಹೊಸ ಹೆಸರು ಕೊಟ್ಟರು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಮೊದಲ ಅಕ್ಷರಗಳಿಂದ ಬಂದ ಹೆಸರು ಅದು.

ಇದನ್ನು ಓದಿದಾಗ ನನಗೆ ಧೈರ್ಯ ಬಂತು. 126 ವರ್ಷ ಪುಸ್ತಕಗಳಲ್ಲಿದ್ದ ಹೆಸರನ್ನೇ ಸರಿಯಿಲ್ಲ ಅಂತ ಬರೆದು ಪ್ರಕಟಿಸಬಹುದಾದರೆ, ಒಂದು ಮೇಜಿನ ಚೀಟಿಯನ್ನು ನಾನು ಯಾಕೆ ಬದಲಿಸಬಾರದು? ಲಿಡೆಕ್ಕರ್ ಆ ಕಾಲದಲ್ಲಿ ಸಿಕ್ಕಿದ್ದನ್ನು ನೋಡಿ ಹೇಳಿದ್ದ. ನಾನಾದರೋ ನಾಲಿಗೆ ಅಂಟಲಿಲ್ಲ ಅಂತ ಗೊತ್ತಿದ್ದೂ ಚೀಟಿ ಬರೆದಿದ್ದೆ. ನನ್ನದು ಅವನ ತಪ್ಪಿಗಿಂತ ದೊಡ್ಡದು.

ಹೈದರಾಬಾದಿನಿಂದ ವಾಪಸ್ ಬರುವಾಗ ರೈಲಿನಲ್ಲಿ ಅಜ್ಜ ಕೇಳಿದರು, “ನಮ್ಮ ಹೊಲದಾಗೂ ಇಂಥಾ ಎಲುಬು ಸಿಗತಾವೇನು?” ಒಳ್ಳೆಯ ಪ್ರಶ್ನೆ. ನಮ್ಮ ಕರ್ನಾಟಕದ ಹೆಚ್ಚಿನ ಬಂಡೆಗಳು ಡೈನೋಸಾರುಗಳಿಗಿಂತ ತುಂಬಾ ಹಳೆಯವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಂಥ ಕಲ್ಲಿನಲ್ಲಿ ಡೈನೋಸಾರ್ ಹುಡುಕುವುದು, ಮುತ್ತಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗಳನ್ನು ಹುಡುಕಿದ ಹಾಗೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ ಹಾಗಲ್ಲ. ಅಲ್ಲಿಯ ಕಪ್ಪು ಎರೆ ಮಣ್ಣು ಬಂದದ್ದು ದಖನ್ನಿನ ಲಾವಾ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕೊನೆಯ ಟೈಟನೋಸಾರುಗಳು ಇದ್ದಾಗಲೇ ಆ ಲಾವಾ ಹರಿಯಿತು. ಲಾವಾದ ಕೆಳಗೂ ನಡುವೆಯೂ ಕೆರೆ, ಹೊಳೆಗಳ ಮಣ್ಣು ಸಿಕ್ಕಿಕೊಂಡ ಪದರಗಳಿವೆ. ಯಾದಗಿರಿ ಜಿಲ್ಲೆಯ ಗುರಮಠಕಲ್ ಹತ್ತಿರದ ಅಂಥ ಪದರದಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ಪಳೆಯುಳಿಕೆಗಳು ಸಿಕ್ಕಿವೆ. ಡೈನೋಸಾರುಗಳ ಕುರುಹು ಹೆಚ್ಚು ಸಿಕ್ಕಿರುವುದು ಇನ್ನೂ ಉತ್ತರಕ್ಕೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಟೈಟನೋಸಾರುಗಳ 92 ಗೂಡುಗಳು, 256 ಮೊಟ್ಟೆಗಳು ಸಿಕ್ಕಿವೆ ಅಂತ 2023ರಲ್ಲಿ ವರದಿ ಬಂತು. ಮಹಾರಾಷ್ಟ್ರದ ಪಿಸ್ದೂರಾದಲ್ಲಿ ಅವುಗಳದೇ ಇರಬೇಕಾದ ಕಲ್ಲಾದ ಲದ್ದಿ ಸಿಕ್ಕಿದೆ. ಅದರಲ್ಲಿ ಹುಲ್ಲಿನ ಅತಿ ಸೂಕ್ಷ್ಮ ಕಣಗಳಿದ್ದವು. ಡೈನೋಸಾರ್ ಕಾಲದಲ್ಲೇ ಹುಲ್ಲು ಇತ್ತು ಅಂತ 2005ರಲ್ಲಿ ಪ್ರಪಂಚಕ್ಕೆ ಗೊತ್ತಾದದ್ದು ಆ ಲದ್ದಿಯಿಂದ. ಜೋಳ, ಭತ್ತ ಎರಡೂ ಹುಲ್ಲಿನ ಜಾತಿಯವು ಅಂದಾಗ ಅಜ್ಜ, “ಹಂಗಾರ ಅವೂ ನಮ್ಮ ಊಟದ ಬೀಗರ,” ಅಂದರು.

ಈಗ ಮಸ್ಕತ್ತಿಗೆ ವಾಪಸ್. ನನ್ನ ಕಲ್ಲನ್ನು ಏನು ಮಾಡಲಿ ಅಂತ ಯೋಚಿಸಿದೆ. ಅಂಕಲ್, “ಎಸೆಯಬೇಡ. ಸಮುದ್ರದ ತಳದ ಕಲ್ಲು ಮೇಜಿನ ಮೇಲಿದೆ ಅಂದರೆ ಕಡಿಮೆಯಾ?” ಅಂದರು. ಮೊದಲಿದ್ದ ಹೆಮ್ಮೆ ಅದರ ಮೇಲೆ ಈಗಿಲ್ಲ, ಆದರೆ ಅದನ್ನು ನೋಡುವುದನ್ನು ನಾನು ಈಗಷ್ಟೇ ಕಲಿತಿದ್ದೇನೆ.

ನಿಮ್ಮ ಮನೆ ಮಕ್ಕಳಿಗೆ ವಾದಿಯಲ್ಲಿ ಮೂಳೆಯಂಥದ್ದು ಏನಾದರೂ ಕಂಡರೆ ದಯವಿಟ್ಟು ಇಷ್ಟು ಮಾಡಿಸಿ. ಅದನ್ನು ಎತ್ತಬೇಡಿ. ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು ಫೋಟೋ ತೆಗೆಯಿರಿ, ಗಾತ್ರ ತಿಳಿಯುತ್ತದೆ. ಸ್ವಲ್ಪ ದೂರ ನಿಂತು ಇಡೀ ಜಾಗದ ಇನ್ನೊಂದು ಫೋಟೋ ತೆಗೆಯಿರಿ. ಫೋನಿನಲ್ಲಿ ಜಾಗವನ್ನು ಗುರುತು ಮಾಡಿಕೊಳ್ಳಿ. ಆಮೇಲೆ ಗೊತ್ತಿರುವವರಿಗೆ ತೋರಿಸಿ. ಹನ್ನೆರಡನೇ ವರ್ಷದಲ್ಲಿ ನಾನು ಮಾಡದೇ ಬಿಟ್ಟದ್ದು ಇಷ್ಟೇ. ನನ್ನದು ಕಲ್ಲಾಗಿದ್ದರಿಂದ ಏನೂ ನಷ್ಟವಾಗಲಿಲ್ಲ. ನಿಜವಾದ ಮೂಳೆಯಾಗಿದ್ದಿದ್ದರೆ?

ಈ ವರ್ಷದ ರಾಜ್ಯೋತ್ಸವದಲ್ಲೂ ಅದೇ ಹಸಿರು ಬಟ್ಟೆಯ ಮೇಲೆ ಅದೇ ತುಂಡು ಇರುತ್ತದೆ. ಪಕ್ಕದಲ್ಲಿ ಅಜ್ಜ ಕೊಟ್ಟು ಕಳಿಸಿದ ಒಂದು ಗೇಣು ಬಿದಿರು ಇಡುತ್ತೇನೆ. ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ನೋಡಿ, ಕುತ್ತಿಗೆ ಯಾವುದರ ಹಾಗಿತ್ತು ಅಂತ ನೀವೇ ಹೇಳಿ. ಹೊಸ ಚೀಟಿಯನ್ನು ನಮ್ಮ ಏಳು ವರ್ಷದ ಹುಡುಗನೇ ಬರೆಯುತ್ತಿದ್ದಾನೆ. ‘ಸರ್ಪೆಂಟೈನ್’ನ ಒತ್ತಕ್ಷರ ಇನ್ನೂ ಸರಿಯಾಗಿ ಬರುತ್ತಿಲ್ಲ, ನವೆಂಬರ್‌ಗೆ ಸಮಯ ಇದೆ. ಅವನು ಬರೆದಿರುವುದು ಹೀಗಿದೆ:

‘ಒಮಾನಿನ ಸಮುದ್ರದ ತಳದ ಕಲ್ಲು. ಅಕ್ಕ ಇದನ್ನು ಮೂಳೆ ಅಂದುಕೊಂಡಿದ್ದಳು. ಮುಟ್ಟಬಹುದು.’